ಉರುಳುವ ಪುಟ ಮತ್ತು ನಿಂತುಹೋದ ವಿಚಾರಣೆಗಳು

ನಮ್ಮ ಸದಸ್ಯ ಬಂಧುಗಳಲ್ಲಿ ಅನೇಕರು ಇಂದು ತಮ್ಮ ಉದ್ದಿಮೆಗೆಂದು ಜಾಲತಾಣವನ್ನು ಹೊಂದಿದ್ದಾರೆ. ಅದನ್ನು ನಿರ್ಮಿಸಿಕೊಟ್ಟವರ ಬಿಲ್ಲನ್ನು ಪಾವತಿಸಿದೊಡನೆ ಆ ವಿಷಯ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆ ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರೂ ಹಾಗೆಯೇ ಭಾವಿಸಿದ್ದರು.

ಅವರ ಹಳೆಯ ತಾಣ ನೋಡಲು ಸಾಧಾರಣವಾಗಿತ್ತು. ಆದರೆ ಪಂಪ್ ಕೇಸಿಂಗ್, ವಾಲ್ವ್ ಬಾಡಿ, ಮೋಟರ್ ಬಾಡಿ ಎಂದು ಪ್ರತಿಯೊಂದು ಸರಕಿಗೂ ಪ್ರತ್ಯೇಕ ಪುಟವಿತ್ತು. ಕೊಯಮತ್ತೂರು, ಕೊಲ್ಹಾಪುರ ಕಡೆಯ ಖರೀದಿದಾರರು ಗೂಗಲ್‌ನಲ್ಲಿ ಹುಡುಕಿ ನೇರವಾಗಿ ತಮಗೆ ಬೇಕಾದ ಪುಟಕ್ಕೇ ಬರುತ್ತಿದ್ದರು. ತಾಣವನ್ನು ನವೀಕರಿಸಿದಾಗ ಎಲ್ಲವನ್ನೂ ಒಂದೇ ಉದ್ದನೆಯ ಪುಟಕ್ಕೆ ಸೇರಿಸಲಾಯಿತು. ಬೆರಳಿನಿಂದ ಸರಿಸಿದಂತೆಲ್ಲ ಚಿತ್ರಗಳು ತೇಲಿಬರುವ ಸೊಗಸಾದ ವಿನ್ಯಾಸ! ವರ್ಷಾಂತ್ಯದ ಲೆಕ್ಕಪರಿಶೋಧನೆಯ ವೇಳೆಗೆ ಹೊಸ ಗ್ರಾಹಕರ ಖಾತೆಗಳು ವಿರಳವಾಗಿರುವುದು ನನ್ನ ಗಮನಕ್ಕೆ ಬಂದಿತು. ತಾಣದ ಮೂಲಕ ಬರುತ್ತಿದ್ದ ವಿಚಾರಣೆಗಳು ಬಹುಮಟ್ಟಿಗೆ ನಿಂತೇ ಹೋಗಿದ್ದವು. (ಇಂತಹ ವೆಚ್ಚವು ಬಂಡವಾಳ ವೆಚ್ಚವೋ ಕಂದಾಯ ವೆಚ್ಚವೋ ಎಂಬುದು ಬೇರೆಯೇ ಲೇಖನದ ವಿಷಯ.)

ಕಾರಣವನ್ನು ಲೆಡ್ಜರಿನ ಭಾಷೆಯಲ್ಲಿ ಹೇಳುವುದು ಸುಲಭ. ಶೋಧಯಂತ್ರವು ಪುಟವನ್ನೇ ಘಟಕವೆಂದು ಪರಿಗಣಿಸುತ್ತದೆ. ಖಾತೆಗೊಂದು ಫೋಲಿಯೊ ಇರುವಂತೆ, ಪ್ರತಿ ಪುಟಕ್ಕೂ ತನ್ನದೇ ವಿಳಾಸ ಮತ್ತು ಶೀರ್ಷಿಕೆ ಇರಬೇಕು. ಹತ್ತಾರು ಖಾತೆಗಳನ್ನು ಒಂದೇ ಫೋಲಿಯೊದಲ್ಲಿ ಬರೆದಿಟ್ಟರೆ ಗುಮಾಸ್ತನೇ ತಡಕಾಡುತ್ತಾನೆ. ವಿಳಾಸದ ಕೊನೆಗೆ ಹ್ಯಾಶ್ ಚಿಹ್ನೆ ಸೇರಿಸಿ ಮಾಡಿದ ವಿಭಾಗಗಳನ್ನು ಗೂಗಲ್ ಸಾಮಾನ್ಯವಾಗಿ ಬೇರೆ ಪುಟಗಳೆಂದು ಎಣಿಸುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಹಳೆಯ ಪುಟಗಳ ವಿಳಾಸಗಳನ್ನು ಹೊಸದಕ್ಕೆ ಜೋಡಿಸದೆ ಅಳಿಸಿಹಾಕಿದ್ದುದು. ಅಂಗಡಿ ಬದಲಾಯಿಸಿದವರು ಹಳೆಯ ಬಾಗಿಲಿಗೆ ಒಂದು ಫಲಕವನ್ನಾದರೂ ತೂಗುಹಾಕುತ್ತಾರಲ್ಲವೇ?

ಕೊನೆಯೇ ಇಲ್ಲದೆ ಉರುಳುವ ಪುಟದ ಸಮಸ್ಯೆ ಇನ್ನೊಂದು ಬಗೆಯದು. ನೋಡುಗನು ಕೆಳಗೆ ಸರಿಸಿದಾಗ ಮಾತ್ರ ಮುಂದಿನ ಸರಕುಗಳು ತೆರೆದುಕೊಳ್ಳುತ್ತವೆ. ಗೂಗಲ್‌ನ ಶೋಧಕವಾದರೋ ಮನುಷ್ಯನಂತೆ ಪುಟವನ್ನು ಸರಿಸುವುದಿಲ್ಲ. ಆದುದರಿಂದ ಕೆಳಗಿರುವುದು ಅದರ ಕಣ್ಣಿಗೆ ಬೀಳದೆಯೇ ಹೋಗಬಹುದು. ಹೀಗೆ ಉರುಳುವ ಪಟ್ಟಿಯ ಹಿಂದೆ ಪ್ರತ್ಯೇಕ ವಿಳಾಸವುಳ್ಳ ಸಾಲುಪುಟಗಳನ್ನೂ ಇರಿಸಿರಬೇಕೆಂದು ಗೂಗಲ್ 2014ರಲ್ಲಿಯೇ ಸಲಹೆ ನೀಡಿತ್ತು.

ಗ್ರಾಹಕನ ಅನುಕೂಲವನ್ನು ನೋಡಿದರೂ ಚಿತ್ರ ಬೇರೆಯಾಗಿಲ್ಲ. ನೀಲ್ಸನ್ ನಾರ್ಮನ್ ಗ್ರೂಪ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೋಡುವ ಸಮಯದಲ್ಲಿ ಶೇ. 57ರಷ್ಟು ಮೊದಲ ಪರದೆಯಲ್ಲಿಯೇ ಕಳೆದುಹೋಗುತ್ತದೆ; ಮೊದಲೆರಡು ಪರದೆಗಳಿಗೆ ಶೇ. 74. ಖರೀದಿ ಅಧಿಕಾರಿಯು ಹುಡುಕುವುದು ದೂರವಾಣಿ ಸಂಖ್ಯೆ, ಜಿಎಸ್‌ಟಿ ಸಂಖ್ಯೆ ಹಾಗೂ ಕಾರ್ಖಾನೆಯ ವಿಳಾಸ. ಇವು ಪುಟದ ತಳದಲ್ಲಿದ್ದು, ಆ ತಳವೇ ಕೆಳಕ್ಕೆ ಸರಿಯುತ್ತಿದ್ದರೆ ಆತನು ಎಷ್ಟು ಹೊತ್ತು ಬೆನ್ನಟ್ಟಿಯಾನು? ಒಂದು ಸರಕನ್ನು ನೋಡಿ ಹಿಂದಿರುಗಿದರೆ ಎಷ್ಟೋ ತಾಣಗಳು ಮತ್ತೆ ಮೊದಲಿನಿಂದ ಆರಂಭವಾಗುತ್ತವೆ. ತೇಲುವ ಚಿತ್ರಗಳ ಭಾರದಿಂದ ಪುಟ ತೆರೆಯುವುದೂ ನಿಧಾನ. ಮುಖ್ಯ ಭಾಗವು 2.5 ಸೆಕೆಂಡುಗಳೊಳಗೆ ಕಾಣಿಸಬೇಕೆಂಬುದು ಗೂಗಲ್‌ನ ಮಾನದಂಡ. 2021ರಿಂದ ಶ್ರೇಯಾಂಕದಲ್ಲಿ ಇಂತಹ ಅಂಶಗಳನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತಿದೆ.

ಸ್ವತಃ ಗೂಗಲ್ ಸಂಸ್ಥೆಯು ತನ್ನ ಫಲಿತಾಂಶಗಳಿಗೆ 2021ರಲ್ಲಿ ಮೊಬೈಲಿನಲ್ಲಿಯೂ 2022ರಲ್ಲಿ ಕಂಪ್ಯೂಟರಿನಲ್ಲಿಯೂ ಈ ಉರುಳುವ ವಿಧಾನವನ್ನು ಅಳವಡಿಸಿ, 2024ರಲ್ಲಿ ಕೈಬಿಟ್ಟಿತೆಂಬುದು ಗಮನಾರ್ಹ. ಹಾಗೆಂದು ಉದ್ದನೆಯ ಪುಟವೇ ದೋಷವೆಂದು ನಾನು ಹೇಳಲಾರೆ. ಒಂದೇ ಸರಕನ್ನು ಮಾರುವವರಿಗೆ ಅದು ಒಪ್ಪುತ್ತದೆ. ಸೀರೆ ವ್ಯಾಪಾರಿಗಳಂತೆ ನೂರಾರು ಮಾದರಿಗಳನ್ನು ತೋರಿಸುವವರು ‘ಇನ್ನಷ್ಟು ನೋಡಿ’ ಎಂಬ ಗುಂಡಿಯನ್ನೂ ಅದರ ಹಿಂದೆ ಸಂಖ್ಯಾಕ್ರಮದ ಪುಟಗಳನ್ನೂ ಇರಿಸಿಕೊಂಡರೆ ಸಾಕು.

ನಮ್ಮ ಕಕ್ಷಿದಾರರು ಹಳೆಯ ಪುಟಗಳನ್ನು ಅದೇ ವಿಳಾಸಗಳಲ್ಲಿ ಪುನಃ ಸ್ಥಾಪಿಸಿದರು. ಕೆಲವು ತಿಂಗಳ ಬಳಿಕ ವಿಚಾರಣೆಗಳು ಬರತೊಡಗಿವೆ, ಆದರೆ ಮೊದಲಿನಷ್ಟಿಲ್ಲ. ಈ ನಡುವೆ ಬೇರೆಡೆಯಿಂದ ಎರಕ ತರಿಸಿಕೊಳ್ಳಲು ಆರಂಭಿಸಿದ ಇಬ್ಬರು ಖರೀದಿದಾರರು ಹಿಂದಿರುಗಿಲ್ಲ. ವಿನ್ಯಾಸಕಾರರ ಕೊನೆಯ ಕಂತಿನ ಬಿಲ್ಲು ನನ್ನ ಮೇಜಿನ ಮೇಲಿದೆ. ಅದನ್ನು ಪಾವತಿಸಬೇಕೇ ಎಂದು ಅವರು ಕೇಳುತ್ತಿದ್ದಾರೆ. ಕರಾರುಪತ್ರದಲ್ಲಿ ಹಳೆಯ ವಿಳಾಸಗಳನ್ನು ಉಳಿಸಿಕೊಡಬೇಕೆಂಬ ಒಂದು ಸಾಲೂ ಇಲ್ಲವಾದುದರಿಂದ, ಪಾವತಿಸಲೇಬೇಕೆಂದು ತಿಳಿಸಿದ್ದೇನೆ.