ದಡದಲ್ಲಿ ಕೂತರೆ ಮೀನು ಸಿಗಲ್ಲ, ತೆಪ್ಪ ಹತ್ತಲೇಬೇಕು: ಇದು ನಿಜವೇ?

ಮಳೆಗಾಲ ಹತ್ತಿರ ಬಂದಾಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಿಡಿಯೊ ಓಡಾಡಲು ಶುರುವಾಗುತ್ತದೆ. ದೊಡ್ಡ ಕೆರೆಯ ನಡುವೆ ದೋಣಿಯಲ್ಲಿ ನಿಂತವನು ಗಾಳ ಎಸೆಯುತ್ತಾನೆ, ಎರಡೇ ನಿಮಿಷದಲ್ಲಿ ಮೊಳದುದ್ದದ ಮೀನು ಎತ್ತುತ್ತಾನೆ. ಅದರ ಕೆಳಗೆ ಯಾರೋ ಕನ್ನಡದಲ್ಲಿ ಸೇರಿಸಿರುತ್ತಾರೆ: 'ದಡದಲ್ಲಿ ದಿನವಿಡೀ ಕೂತರೂ ಸಿಗೋದು ಸಣ್ಣ ಮೀನು. ದೊಡ್ಡ ಮೀನು ಇರೋದು ನಡುನೀರಲ್ಲಿ. ತೆಪ್ಪ ಹತ್ತಿ!'

ಶಿವಮೊಗ್ಗ, ಭದ್ರಾವತಿ ಕಡೆಯ ಹುಡುಗರಿಗೆ ತೆಪ್ಪ ಸಿಗುವುದು ಕಷ್ಟವಲ್ಲ. ತುಂಗೆ, ಭದ್ರೆ ಎರಡೂ ಊರ ನಡುವೆಯೇ ಹರಿಯುತ್ತವೆ. ಹಾಗಾಗಿ ಈ ಮಾತು ಎಷ್ಟು ನಿಜ ಎಂದು ನೋಡುವುದು ಬರೀ ಹವ್ಯಾಸದ ಪ್ರಶ್ನೆಯಲ್ಲ, ಜೀವದ ಪ್ರಶ್ನೆಯೂ ಹೌದು.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇವೆ: ಈ ಮಾತು ಅರ್ಧ ಸತ್ಯವೂ ಅಲ್ಲ, ಕಾಲು ಸತ್ಯ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ವಿಡಿಯೊದಲ್ಲಿರುವ ಮೀನು ನಮ್ಮ ಹೊಳೆಯದಲ್ಲ

ಇಂಥ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಹಿಡಿಯುವ ಮೀನು ಬಾಸ್, ಅದರಲ್ಲೂ 'ಲಾರ್ಜ್‌ಮೌತ್ ಬಾಸ್' ಎಂಬ ದೊಡ್ಡ ಬಾಯಿಯ ಮೀನು. ಇದರ ಮೂಲ ನೆಲೆ ಉತ್ತರ ಅಮೆರಿಕ. ತುಂಗೆಯಲ್ಲಿ, ಭದ್ರೆಯಲ್ಲಿ ಇದು ಸಹಜವಾಗಿ ಇರುವ ಮೀನಲ್ಲ. ನಮ್ಮಲ್ಲಿರುವುದು ಗೆಂಡೆ ಜಾತಿಯ ಮೀನುಗಳು, ಕಾಟ್ಲಾ, ರೋಹು, ಬಾಳೆ ಮೀನು, ಕೊರವ, ಜಿಲೇಬಿ ಮೊದಲಾದವು.

ಇನ್ನೊಮ್ಮೆ ಆ ವಿಡಿಯೊ ಹಾಕಿ ಒಂದು ಸಂಗತಿ ಗಮನಿಸಿ. ದೋಣಿಯಲ್ಲಿ ನಿಂತವನು ಗಾಳವನ್ನು ಯಾವ ಕಡೆ ಎಸೆಯುತ್ತಿದ್ದಾನೆ? ಬಹಳಷ್ಟು ಸಲ ದಡದ ಕಡೆಗೆ! ಜೊಂಡು ಬೆಳೆದ ಅಂಚು, ನೀರಿಗೆ ಬಾಗಿದ ಮರ, ಮುಳುಗಿದ ಬೊಡ್ಡೆ, ಇವೇ ಬಾಸ್ ಮೀನಿನ ಅಡಗುತಾಣ. ವಸಂತದಲ್ಲಿ ಅದು ಗೂಡು ಮಾಡುವುದೂ ದಡದ ಹತ್ತಿರದ ತಿಳಿನೀರಿನಲ್ಲೇ. ಅಂದರೆ ಅವನು ದೋಣಿ ಹತ್ತಿದ್ದು ನಡುನೀರಿನ ಮೀನಿಗಾಗಿ ಅಲ್ಲ. ಕಾಲಿಗೆ ದಾರಿಯಿಲ್ಲದ ದಡವನ್ನು ಮುಟ್ಟುವುದಕ್ಕಾಗಿ.

ಮೀನು ನಿಜಕ್ಕೂ ಎಲ್ಲಿರುತ್ತದೆ?

ಮೀನು ಇರುವ ಜಾಗವನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಆಹಾರ, ಉಸಿರಾಡಲು ಆಮ್ಲಜನಕ, ಅಡಗಲು ಮರೆ. ನೀರಿನ ಆಳ ಒಂದೇ ಇದನ್ನು ಹೇಳುವುದಿಲ್ಲ.

ದಡದ ಬಳಿ ಬಿಸಿಲು ತಳದವರೆಗೆ ಇಳಿಯುತ್ತದೆ. ಪಾಚಿ, ಗಿಡ ಬೆಳೆಯುತ್ತವೆ. ಅದಕ್ಕೆ ಹುಳ, ಸೀಗಡಿ, ಬಸವನಹುಳು ಬರುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣ ಮೀನನ್ನು ತಿನ್ನಲು ದೊಡ್ಡ ಮೀನು. ಮಳೆ ಶುರುವಾಗಿ ಹೊಳೆ ಅಥವಾ ಹಿನ್ನೀರು ಏರಿದಾಗ ಇದು ಇನ್ನೂ ಹೆಚ್ಚು. ಹೊಸದಾಗಿ ಮುಳುಗಿದ ಹುಲ್ಲುಗಾವಲಿನಿಂದ ಎರೆಹುಳು, ಇರುವೆ, ಮಿಡತೆ ನೀರು ಸೇರುತ್ತವೆ. ಮೀನಿಗೆ ಅದು ಹಬ್ಬದೂಟ, ಊಟ ಬಡಿಸಿರುವುದು ಅಂಚಿನಲ್ಲಿ.

ಆಳದ ಕಥೆ ಬೇರೆ. ಬೇಸಿಗೆಯಲ್ಲಿ ನಿಂತ ನೀರಿನ ಮೇಲ್ಪದರ ಬಿಸಿಯಾಗಿ ಹಗುರವಾಗುತ್ತದೆ, ಕೆಳಗಿನ ತಣ್ಣನೆಯ ಭಾರದ ನೀರಿನೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ. ಗಾಳಿಯ ಆಮ್ಲಜನಕ ತಳಕ್ಕೆ ತಲುಪುವುದು ಕಡಿಮೆಯಾಗುತ್ತದೆ, ತಳದಲ್ಲಿ ಕೊಳೆಯುವ ಎಲೆಗಳು ಇದ್ದದ್ದನ್ನೂ ಬಳಸಿಬಿಡುತ್ತವೆ. ಹಾಗಾಗಿ ಆಳ ಹೆಚ್ಚಾದಷ್ಟೂ ಮೀನು ಹೆಚ್ಚು ಎಂಬ ಲೆಕ್ಕ ನಿಲ್ಲುವುದಿಲ್ಲ.

ಹೊತ್ತೂ ಮುಖ್ಯ. ಉರಿಬಿಸಿಲಿನಲ್ಲಿ ಮೀನುಗಳು ನೆರಳಿಗೆ, ತುಸು ಆಳಕ್ಕೆ ಸರಿಯುತ್ತವೆ. ಬೆಳಗಿನ ಜಾವ, ಸಂಜೆ ಮತ್ತೆ ಅಂಚಿಗೆ ಬರುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಬರಿಗೈಲಿ ಬಂದವರು ದಡವನ್ನು ಬೈದರೆ ತಪ್ಪು ದಡದ್ದಲ್ಲ.

ಕೊರವವನ್ನೇ ನೋಡಿ. ಕೆಲವೆಡೆ ಇದನ್ನು ಕುಚ್ಚು ಮೀನು ಎನ್ನುತ್ತಾರೆ. ತಲೆ ಹಾವಿನಂತಿರುವ ಈ ಬೇಟೆಗಾರ ಮೀನು ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನೂ ಉಸಿರಾಡುತ್ತದೆ. ಅದಕ್ಕೇ ಆಗಾಗ ಮೇಲೆ ಬಂದು ಗುಟುಕು ಗಾಳಿ ನುಂಗಿ ಹೋಗುತ್ತದೆ. ಕೆರೆಯಂಚಿನ ಜೊಂಡು, ಕೆಸರು, ಮೊಣಕಾಲುದ್ದ ನೀರು ಅದಕ್ಕೆ ಇಷ್ಟದ ಜಾಗ. ಬಾಸ್‌ಗೆ ನಮ್ಮಲ್ಲಿ ಯಾವುದಾದರೂ ಸರಿಜೋಡಿ ಇದ್ದರೆ ಅದು ಇದೇ. ಇದನ್ನು ಹಿಡಿಯಲು ತೆಪ್ಪವೇ ಬೇಡ.

ದಡದಲ್ಲಿ ನಿಂತರೆ ಮೀನಿಗೆ ನಾವು ಕಾಣುತ್ತೇವೆಯೇ?

ಕಾಣುತ್ತೇವೆ, ಆದರೆ ಎಲ್ಲರೂ ಒಂದೇ ಥರ ಅಲ್ಲ. ಗಾಳಿಯಿಂದ ನೀರಿಗೆ ಹೋಗುವಾಗ ಬೆಳಕು ಬಾಗುತ್ತದೆ. ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದು ಇದರಿಂದಲೇ. ಮೀನು ತಲೆಯೆತ್ತಿ ನೋಡಿದರೆ ಹೊರಜಗತ್ತು ಇಡೀ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಅಮುಕಿದಂತೆ ಕಾಣುತ್ತದೆ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಈ ಕಿಟಕಿಯ ಅಗಲ ನೀರಿನ ಮೇಲ್ಮೈಯಲ್ಲಿ ಎರಡು ಕಾಲು ಮೀಟರ್‌ನಷ್ಟು. ದೂರದಲ್ಲಿ, ನೀರಿನ ಮಟ್ಟಕ್ಕೆ ಹತ್ತಿರವಾಗಿ ಇರುವ ವಸ್ತುಗಳು ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ, ಮಸುಕಾಗಿ ಕಾಣುತ್ತವೆ.

ಇದರ ಅರ್ಥ ಸರಳ. ದಡದಲ್ಲಿ ಎದ್ದು ನಿಂತು ಕೈ ಬೀಸುವವನು ಚೆನ್ನಾಗಿ ಕಾಣುತ್ತಾನೆ. ಅಂಚಿನಿಂದ ಹಿಂದೆ ಸರಿದು ಕುಕ್ಕರುಗಾಲಿನಲ್ಲಿ ಕೂತವನು ಹೆಚ್ಚೇನೂ ಕಾಣುವುದಿಲ್ಲ. ತೆಪ್ಪದಲ್ಲಿ ಎದ್ದು ನಿಂತವನು ಮೀನಿನ ತಲೆ ಮೇಲೆಯೇ ನಿಂತ ಹಾಗೆ.

'ಮಾತಾಡಬೇಡ, ಮೀನು ಓಡುತ್ತೆ' ಎನ್ನುವುದು?

ಇದೂ ಹಳೆಯ ನಂಬಿಕೆ. ನಮ್ಮ ಮಾತಿನ ಶಬ್ದ ನೀರಿನ ಮೇಲ್ಮೈಗೆ ಬಡಿದು ಬಹುಪಾಲು ಹಿಂದಿರುಗುತ್ತದೆ. ಒಳಗೆ ಇಳಿಯುವುದು ಅದರ ಶಕ್ತಿಯ ಸಾವಿರದಲ್ಲೊಂದು ಪಾಲು. ಆದರೆ ನೆಲ ಕುಟ್ಟಿದರೆ, ತೆಪ್ಪದ ತಳಕ್ಕೆ ಹುಟ್ಟು ಬಡಿದರೆ ಆ ಕಂಪನ ನೇರ ನೀರಿಗೆ ಹೋಗುತ್ತದೆ. ನೀರಿನಲ್ಲಿ ಶಬ್ದದ ವೇಗ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಮೀನಿನ ಮೈಯ ಎರಡೂ ಬದಿಗೆ ಇರುವ ಪಾರ್ಶ್ವ ರೇಖೆ ಹತ್ತಿರದ ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುತ್ತದೆ. ಅದರ ಮೇಲೆ ರೋಹು, ಕಾಟ್ಲಾ, ಬಾಳೆ ಮೀನುಗಳಲ್ಲಿ ಗಾಳಿಚೀಲವನ್ನು ಒಳಕಿವಿಗೆ ಜೋಡಿಸುವ ಪುಟ್ಟ ಮೂಳೆಗಳ ಸರಪಳಿ ಇದೆ. ಅವುಗಳ ಕಿವಿ ಬಲು ಚುರುಕು.

ಹಾಗಾಗಿ ಮೆಲ್ಲಗೆ ಹರಟೆ ಹೊಡೆಯಿರಿ, ಪರವಾಗಿಲ್ಲ. ದಬದಬ ನಡೆಯಬೇಡಿ. ಈ ವಿಷಯದಲ್ಲಿ ಗಟ್ಟಿ ನೆಲದ ಮೇಲೆ ಸುಮ್ಮನೆ ಕೂತವನಿಗೇ ಅನುಕೂಲ ಹೆಚ್ಚು.

ಹಾಗಾದರೆ ತೆಪ್ಪ ಗೆಲ್ಲುವುದು ಎಲ್ಲಿ?

ಗೆಲ್ಲುತ್ತದೆ, ಅದನ್ನೂ ಹೇಳಬೇಕು. ದಡದಿಂದ ಎಸೆದ ಗಾಳಕ್ಕೆ ಒಂದು ಮಿತಿ ಇದೆ. ಅದರಾಚೆಯ ಬಂಡೆಯ ಸಂದು, ಮುಳುಗಿದ ಮರ, ಹಳೆಯ ಹೊಳೆಯ ಪಾತ್ರ ಇವನ್ನೆಲ್ಲ ತೆಪ್ಪ ಮುಟ್ಟುತ್ತದೆ. ಒಂದು ಕಡೆ ಕಚ್ಚದಿದ್ದರೆ ಇನ್ನೊಂದು ಕಡೆ ಹೋಗಬಹುದು. ತೆರೆದ ನೀರಿನ ಮೇಲ್ಪದರದಲ್ಲಿ ಗುಂಪಾಗಿ ಮೇಯುವ ಕಾಟ್ಲಾದಂಥ ಮೀನಿಗೆ ಇದು ಉಪಯೋಗವೇ.

'ಮೀನುಗಾರರೆಲ್ಲ ತೆಪ್ಪದಲ್ಲೇ ಹೋಗ್ತಾರಲ್ಲ?' ಎಂದು ನೀವು ಕೇಳಬಹುದು. ಹೌದು. ಆದರೆ ಅವರು ಹೋಗುವುದು ಮುಖ್ಯವಾಗಿ ಬಲೆ ಬಿಡಲು ಮತ್ತು ಎತ್ತಲು. ಬಲೆಯನ್ನು ನೀರಿನ ಅಡ್ಡಕ್ಕೆ ಹರಡಬೇಕು, ಅದಕ್ಕೆ ತೆಪ್ಪ ಬೇಕೇ ಬೇಕು. ಗಾಳಕ್ಕೆ ಆ ಅಗತ್ಯವಿಲ್ಲ. ಇನ್ನೊಂದು ಮಾತು: ಅವರಿಗೆ ಆ ನೀರಿನ ಸುಳಿ, ಬಂಡೆ, ಗಾಳಿ ಎಲ್ಲ ವರ್ಷಗಟ್ಟಲೆಯ ಪರಿಚಯ. ಭಾನುವಾರ ಒಂದು ದಿನ ಹೋಗುವ ನಮಗೆ ಅದಿಲ್ಲ.

ತೆಪ್ಪ ಯಾಕೆ ಮಗುಚುತ್ತದೆ?

2016ರ ಸೆಪ್ಟೆಂಬರ್‌ನಲ್ಲಿ ಹೊಳೆಹೊನ್ನೂರು ಸಮೀಪದ ಹಾಡೋನಹಳ್ಳಿಯಲ್ಲಿ ಗಣೇಶ ಮೂರ್ತಿ ವಿಸರ್ಜನೆಗೆಂದು ತುಂಗಭದ್ರೆಗೆ ಇಳಿದಿದ್ದ ತೆಪ್ಪ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ನೀರುಪಾಲಾದರು. ತುಂಗೆ, ಭದ್ರೆ ಕೂಡುವ ಕೂಡ್ಲಿಯಿಂದ ಆ ಊರು ದೂರವಲ್ಲ. ಜಿಲ್ಲೆಯ ಜನ ಇನ್ನೂ ಅದನ್ನು ಮರೆತಿಲ್ಲ.

ತೆಪ್ಪ ಕೆಟ್ಟ ವಾಹನವಲ್ಲ. ಎಲ್ಲರೂ ತಳದಲ್ಲಿ ಕೂತು ತೂಕ ಸಮನಾಗಿ ಹಂಚಿದರೆ ಅದು ಸ್ಥಿರವಾಗಿಯೇ ತೇಲುತ್ತದೆ. ತೊಂದರೆ ಶುರುವಾಗುವುದು ನಿಂತಾಗ. ನಿಂತ ಕೂಡಲೇ ಭಾರದ ಕೇಂದ್ರ ಮೇಲೇರುತ್ತದೆ. ಮೀನು ಕಚ್ಚಿತು ಎಂದು ಇಬ್ಬರು ಒಂದೇ ಬದಿಗೆ ಬಾಗಿದರೆ ಅಂಚು ನೀರಿಗೆ ತಾಗುತ್ತದೆ. ತಳದ ಅಗಲ ಎರಡು ಮೀಟರ್ ಇರುವ ತೆಪ್ಪದಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದರ ತೂಕವೇ ಸುಮಾರು 300 ಕೆ.ಜಿ. ಅಂದರೆ ನಾಲ್ಕೈದು ಜನ ಹೆಚ್ಚಿಗೆ ಹತ್ತಿದಂತೆ. ಅದೂ ಒಂದು ಕಡೆ ಕೂರದೆ ಅತ್ತಿಂದಿತ್ತ ಉರುಳುವ ಭಾರ.

ಹರಿವಿನ ಲೆಕ್ಕ ಇನ್ನೂ ಕಠಿಣ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. 'ನನಗೆ ಈಜು ಬರುತ್ತೆ' ಎಂಬುದು ಇಲ್ಲಿ ಸಾಲದು. ಬಟ್ಟೆ ತೊಟ್ಟು, ಗಾಬರಿಯಲ್ಲಿ, ಹರಿವಿನ ವಿರುದ್ಧ ಈಜುವುದು ಕೆರೆಯಲ್ಲಿ ಕಲಿತ ಈಜಲ್ಲ. ಲೈಫ್ ಜಾಕೆಟ್ ಇಲ್ಲದ ತೆಪ್ಪವನ್ನು ಹತ್ತಬಾರದು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ದಡ ಎಂದರೆ ಕ್ಷೇಮ ಎಂದೂ ಅಲ್ಲ

ಶಿವಮೊಗ್ಗಕ್ಕೆ ಹತ್ತಿರದ ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ ಮೂರು ಟಿಎಂಸಿ ಚಿಲ್ಲರೆ ಮಾತ್ರ. ಭದ್ರಾ ಜಲಾಶಯದ್ದು 71.5 ಟಿಎಂಸಿ. ಗಾಜನೂರು ಚಿಕ್ಕದಾದ್ದರಿಂದ ಮಲೆನಾಡಿನಲ್ಲಿ ನಾಲ್ಕು ದಿನ ಮಳೆ ಹೊಡೆದರೆ ತುಂಬಿ, ಬಂದ ನೀರನ್ನು ಹೊಳೆಗೆ ಬಿಡಬೇಕಾಗುತ್ತದೆ. ಊರಲ್ಲಿ ಮಳೆಯೇ ಇಲ್ಲದಿದ್ದರೂ ತುಂಗೆ ಏರಬಹುದು. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಜನ ಸೇರುವುದು ಇದೇ ದಿನಗಳಲ್ಲಿ. ಭದ್ರಾವತಿಯಲ್ಲೂ ಅಷ್ಟೇ, ಮೇಲಿನ ಜಲಾಶಯದ ಗೇಟು ತೆರೆದರೆ ಊರ ನಡುವಿನ ಹೊಳೆಯ ಚಹರೆಯೇ ಬದಲಾಗುತ್ತದೆ. ಹೊಳೆ ನಡುವಿನ ಬಂಡೆ ಮೇಲೆ ಕೂತು ಗಾಳ ಹಾಕುವವರಿಗೆ ವಾಪಸು ಬರುವ ದಾರಿಯೇ ಇರುವುದಿಲ್ಲ.

ಜೊತೆಗೆ ಪಾಚಿ ಕಟ್ಟಿದ ಮೆಟ್ಟಿಲು, ಒಳಗೆ ಕೊರೆದು ಮೇಲೆ ಮಾತ್ರ ಗಟ್ಟಿಯಾಗಿ ಕಾಣುವ ಮಣ್ಣಿನ ದಂಡೆ. ಭದ್ರೆಯಲ್ಲಿ ಮೊಸಳೆಗಳೂ ಇವೆ. ಇನ್ನೊಂದು ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ: ಈಗಿನ ಕಾರ್ಬನ್ ಗಾಳದ ಕೋಲು ವಿದ್ಯುತ್ ಹರಿಸುತ್ತದೆ. ಕರೆಂಟ್ ತಂತಿಯ ಕೆಳಗೆ ಅದನ್ನು ಎತ್ತಬೇಡಿ. ಗುಡುಗು ಕೇಳಿದರೆ ಸುತ್ತಿಟ್ಟು ಹೊರಡಿ.

ಹೊರಡುವ ಮುನ್ನ

* ಎಲ್ಲ ನೀರಿನಲ್ಲೂ ಗಾಳ ಹಾಕುವಂತಿಲ್ಲ. ತುಂಗೆಯ ಶೃಂಗೇರಿ ಮತ್ತು ತೀರ್ಥಹಳ್ಳಿ ತಾಲ್ಲೂಕಿನ ಚಿಪ್ಪಲಗುಡ್ಡೆ ಮತ್ಸ್ಯಧಾಮಗಳಲ್ಲಿ ಮೀನು ಹಿಡಿಯುವುದು ನಿಷಿದ್ಧ. ಭದ್ರಾ ಹಿನ್ನೀರು ಹುಲಿ ಮೀಸಲು ಅರಣ್ಯಕ್ಕೆ ತಾಗಿಕೊಂಡಿದೆ. ಉಳಿದೆಡೆ ಅನುಮತಿ ಬೇಕೇ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ.
* ಮುಂಗಾರಿನ ಮೊದಲ ನೀರಿಗೆ ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಅಂಥದ್ದು ಸಿಕ್ಕರೆ ಬಿಟ್ಟುಬಿಡಿ. ಕೆಂಪನೆಯ ಮರಿಗಳ ಗುಂಪಿನ ಕೆಳಗೆ ಕಾವಲಿರುವ ಕೊರವವನ್ನೂ ಹಿಡಿಯಬೇಡಿ. ಕಾವಲು ಹೋದರೆ ಮರಿಗಳು ಉಳಿಯುವುದು ಕಷ್ಟ.
* ಒಬ್ಬರೇ ಹೋಗಬೇಡಿ. ಜೊತೆಗೆ ಹಗ್ಗ ಮತ್ತು ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್ ಇರಲಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ, ಕ್ಯಾನ್ ಕಟ್ಟಿದ ಹಗ್ಗ ಎಸೆಯಿರಿ. ಆ ಕ್ಯಾನ್ ಸುಮಾರು ಐದು ಕೆ.ಜಿ. ಭಾರವನ್ನು ತೇಲಿಸುತ್ತದೆ, ತಲೆ ನೀರಿನ ಮೇಲಿರಲು ಅದು ಸಾಕು. ಕೂಡಲೇ 112ಕ್ಕೆ ಕರೆ ಮಾಡಿ.

ಕೊನೆಗೆ

ತೆಪ್ಪದಿಂದ ಹೆಚ್ಚು ಜಾಗ ಸಿಗುತ್ತದೆ ಎಂಬುದು ನಿಜ. ದಡದಲ್ಲಿ ದೊಡ್ಡ ಮೀನು ಇರುವುದಿಲ್ಲ ಎಂಬುದು ಸುಳ್ಳು. ಗಾಳ ಹಾಕುವವನಿಗೆ ಬೇಕಾದದ್ದು ಸರಿಯಾದ ಹೊತ್ತು, ಸರಿಯಾದ ಅಂಚು, ಮತ್ತು ಸುಮ್ಮನೆ ಕೂರುವ ತಾಳ್ಮೆ. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಮೂಡಿಗೆರೆಯಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರಿಗೂ ಗಾಳ ಹಿಡಿದು ನೀರಂಚಿನಲ್ಲಿ ಕಾಯುವುದು ಪ್ರೀತಿಯ ಕೆಲಸವಾಗಿತ್ತು.

ಆ ವಿಡಿಯೊ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅದನ್ನು ಮುಂದೆ ಕಳಿಸುವ ಮೊದಲು ಇದನ್ನೂ ಕಳಿಸಿ. ಸಿಗದ ಮೀನು ಮುಂದಿನ ಭಾನುವಾರ ಸಿಕ್ಕೀತು. ಹೊಳೆಗೆ ಹೋದ ಹುಡುಗ ಮನೆಗೆ ಬರಬೇಕು, ಅಷ್ಟೇ.