ಪಾದ್ರಿ ಗೀಟು ಹೊಡೆದ ಪ್ಯಾರಾ

ವಿಶ್ವದ ಆರಂಭವನ್ನು ಭೌತವಿಜ್ಞಾನದ ಮಾತಿನಲ್ಲಿ ಹೇಳಹೊರಟವರು ಒಬ್ಬ ಕ್ಯಾಥೊಲಿಕ್ ಪಾದ್ರಿ. ಅದನ್ನು ದೇವರಿಗೆ ಸಾಕ್ಷಿ ಮಾಡಬೇಡಿ ಎಂದು ಪಟ್ಟು ಹಿಡಿದವರೂ ಅವರೇ.

1931ರ ಮೇ 9ರ ‘ನೇಚರ್’ ಪತ್ರಿಕೆಯಲ್ಲಿ ಪುಟವೊಂದನ್ನೂ ತುಂಬದ ಪತ್ರವೊಂದು ಅಚ್ಚಾಯಿತು. ವಿಶ್ವದ ಶಕ್ತಿಯೆಲ್ಲ ಒಂದು ಕಾಲದಲ್ಲಿ ಒಂದೇ ಕಣದೊಳಗೆ ಅಡಕವಾಗಿದ್ದಿರಬೇಕು, ಅದು ಒಡೆಯುತ್ತ ಹೋಗಿ ಈ ಜಗತ್ತಾಯಿತು ಎಂಬುದು ಅದರ ತಿರುಳು. ಬರೆದವರು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾರ್ಜ್ ಲೆಮೆತ್ರ. ಟೈಪ್ ಮಾಡಿದ ಮೂಲ ಪ್ರತಿಯ ಕೊನೆಯಲ್ಲಿ ಇನ್ನೊಂದು ಪ್ಯಾರಾ ಇತ್ತು. ದೇವರು ಮರೆಯಲ್ಲೇ ಇರುವವನು. ಇಂದಿನ ಭೌತವಿಜ್ಞಾನವೂ ಸೃಷ್ಟಿಯ ಮೇಲೊಂದು ತೆರೆ ಇಳಿಬಿಟ್ಟಿದೆ, ಆಸ್ತಿಕರಿಗೆ ಅದು ಸಂತೋಷದ ಸಂಗತಿಯೇ ಎಂಬರ್ಥದ ಮಾತು. ಅಚ್ಚಿಗೆ ಹೋಗುವ ಮೊದಲೇ ಆ ಪ್ಯಾರಾಕ್ಕೆ ಗೀಟು ಬಿತ್ತು.

ವಿಜ್ಞಾನ ಮತ್ತು ಕ್ರೈಸ್ತ ವಿಶ್ವಾಸ ಎಂದೊಡನೆ ಎಲ್ಲರೂ ಗೆಲಿಲಿಯೊ ವಿಚಾರಣೆಯ ಕಥೆ ತೆಗೆಯುತ್ತಾರೆ. ಅವೆರಡರ ನಡುವಿನ ಮಾತುಕತೆ ಹೇಗಿರಬೇಕು ಎಂಬುದನ್ನು ನನಗೆ ಈ ಗೀಟು ಹೆಚ್ಚು ಚೆನ್ನಾಗಿ ತಿಳಿಸುತ್ತದೆ.

ಎರಡೂ ಕಡೆಯ ಅನುಮಾನ

ಲೆಮೆತ್ರ ಹುಟ್ಟಿದ್ದು 1894ರಲ್ಲಿ, ಶಾರ್ಲರುವಾ ಪಟ್ಟಣದಲ್ಲಿ. ಮೊದಲ ಮಹಾಯುದ್ಧದಲ್ಲಿ ಫಿರಂಗಿದಳದಲ್ಲಿದ್ದರು. 1923ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಕೇಂಬ್ರಿಜ್‌ನಲ್ಲಿ ಆರ್ಥರ್ ಎಡಿಂಗ್ಟನ್ ಅವರ ಬಳಿ ಕಲಿಯಲು ಹೋದರು. ಗ್ಯಾಲಕ್ಸಿಗಳು ದೂರ ಸರಿಯುತ್ತಿರುವುದಕ್ಕೆ ವಿಶ್ವವೇ ಹಿಗ್ಗುತ್ತಿರುವುದು ಕಾರಣ ಎಂದು 1927ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆದರು. ಆ ವರ್ಷ ಬ್ರಸೆಲ್ಸ್‌ನಲ್ಲಿ ಸಿಕ್ಕ ಐನ್‌ಸ್ಟೈನ್, ನಿಮ್ಮ ಲೆಕ್ಕವೇನೋ ಸರಿ, ಭೌತವಿಜ್ಞಾನ ಮಾತ್ರ ಅಸಹ್ಯ ಎಂದುಬಿಟ್ಟರು. ಮುಂದೆ ಆದಿಕಣದ ವಿಚಾರ ಬಂದಾಗ ಅನುಮಾನ ಇನ್ನೂ ಬೆಳೆಯಿತು: ಪಾದ್ರಿ ಬೈಬಲನ್ನೇ ಸಮೀಕರಣದೊಳಗೆ ನುಸುಳಿಸುತ್ತಿದ್ದಾನೆಯೇ? ವಿಶ್ವಕ್ಕೆ ಆದಿಯೇ ಇಲ್ಲ ಎಂದು ವಾದಿಸುತ್ತಿದ್ದ ಫ್ರೆಡ್ ಹಾಯ್ಲ್, 1949ರಲ್ಲಿ ಬಿಬಿಸಿ ರೇಡಿಯೊ ಭಾಷಣದಲ್ಲಿ ಎದುರಾಳಿ ಸಿದ್ಧಾಂತವನ್ನು ‘ಬಿಗ್ ಬ್ಯಾಂಗ್’ ಎಂದು ಕರೆದರು. ಆ ಹೆಸರೇ ನಿಂತಿತು.

ಒಂದು ಕಡೆಯವರು ಹೀಗೆ ಅನುಮಾನಿಸಿದರೆ ಇನ್ನೊಂದು ಕಡೆಯವರು ಅತಿಯಾಗಿ ಹಿಗ್ಗಿದರು. 1951ರ ನವೆಂಬರ್ 22ರಂದು ಪೋಪ್ ಹನ್ನೆರಡನೆಯ ಪಯಸ್ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ಮಾತನಾಡುತ್ತ, ಬೆಳಕಾಗಲಿ ಎಂಬ ದೈವವಾಣಿಯ ಆ ಮೊದಲ ಗಳಿಗೆಗೆ ಇಂದಿನ ವಿಜ್ಞಾನ ಸಾಕ್ಷಿಯಾಗಿದೆ ಎಂಬ ಭಾವ ಬರುವಂತೆ ನುಡಿದರು. ಆ ಅಕಾಡೆಮಿಯ ಸದಸ್ಯರಾಗಿದ್ದ ಲೆಮೆತ್ರರಿಗೆ ಇದು ಹಿಡಿಸಲಿಲ್ಲ.

ಆರಂಭ ಬೇರೆ, ಸೃಷ್ಟಿ ಬೇರೆ

ಇಲ್ಲಿ ತತ್ತ್ವಶಾಸ್ತ್ರ ನಡುವೆ ಬರುತ್ತದೆ. ಕನ್ನಡ ಬೈಬಲ್ಲಿನ ಮೊದಲ ಪುಸ್ತಕದ ಹೆಸರು ‘ಆದಿಕಾಂಡ’. ಅದರ ಮೊದಲ ವಾಕ್ಯವೇ ಆದಿಯನ್ನೂ ದೇವರ ಸೃಷ್ಟಿಯನ್ನೂ ಒಟ್ಟಿಗೆ ಹೇಳುವುದರಿಂದ ಎರಡೂ ಒಂದೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಅವೆರಡನ್ನೂ ಬಿಡಿಸಿಟ್ಟರು. ಜಗತ್ತಿಗೆ ಮೊದಲ ದಿನ ಇತ್ತೆಂಬುದು ಅವರ ವಿಶ್ವಾಸ. ಆದರೆ ಅದನ್ನು ತರ್ಕದಿಂದ ಸಾಬೀತು ಮಾಡಲಾಗದು ಎಂದರು. ಜಗತ್ತು ಅನಾದಿಯೇ ಆಗಿದ್ದರೂ ಅದು ತನ್ನ ಇರವಿಗೆ ದೇವರನ್ನೇ ನೆಚ್ಚಿಕೊಂಡಿರಬಲ್ಲದು. ಅವರಿಗಿಂತ ಹಿಂದೆ ಸಂತ ಅಗಸ್ಟೀನ್ ಉಲ್ಲೇಖಿಸಿದ ಹೋಲಿಕೆಯೊಂದಿದೆ: ಅನಾದಿಯಿಂದಲೂ ಧೂಳಿನಲ್ಲಿ ಊರಿಕೊಂಡೇ ಇರುವ ಪಾದವೊಂದನ್ನು ಊಹಿಸಿಕೊಳ್ಳಿ. ಅದರ ಅಡಿಯ ಹೆಜ್ಜೆಗುರುತೂ ಅನಾದಿಯೇ. ಆದರೂ ಗುರುತು ಮೂಡಿದ್ದು ಪಾದದಿಂದಲೇ.

ಲೂವೆನ್‌ನಲ್ಲಿ ಅಕ್ವಿನಾಸರ ತತ್ತ್ವವನ್ನು ಓದಿದ್ದ ಲೆಮೆತ್ರ ಈ ಗೆರೆಯನ್ನು ದಾಟಲಿಲ್ಲ. ಆದಿಕಣ ಒಡೆದದ್ದು ಪ್ರಕೃತಿಯೊಳಗಿನ ಘಟನೆ. ಅದನ್ನು ಲೆಕ್ಕ ಹಾಕಬಹುದು, ಅಳೆಯಬಹುದು, ತಪ್ಪೆಂದು ತೋರಿಸಲೂಬಹುದು. ಏನೂ ಇಲ್ಲದಿರುವ ಬದಲು ಏನಾದರೂ ಯಾಕಿದೆ ಎಂಬ ಪ್ರಶ್ನೆಗೆ ಯಾವ ದೂರದರ್ಶಕವೂ ಉತ್ತರಿಸದು.

ವಿಜ್ಞಾನದ ಕಡೆಯಿಂದಲೂ ಎಚ್ಚರಿಕೆಗೆ ಕಾರಣವಿತ್ತು. ಪೋಪ್ ಮಾತನಾಡಿದ ಹೊತ್ತಿಗೆ ಖಗೋಳ ವಿಜ್ಞಾನಿ ಹಬಲ್ ಅವರ ಅಳತೆಯ ಪ್ರಕಾರ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ. ಭೂಮಿಯ ಬಂಡೆಗಳೋ ಅದಕ್ಕಿಂತ ಹಳೆಯವು! ತಾಯಿಗಿಂತ ಮಗಳೇ ದೊಡ್ಡವಳು. ಇಂಥ ಲೆಕ್ಕದ ಮೇಲೆ ದೇವರನ್ನು ಕೂರಿಸಿದರೆ ಲೆಕ್ಕ ತಿದ್ದಿದಾಗೆಲ್ಲ ದೇವರೂ ಅಲುಗಬೇಕಾದೀತು. ಮರುವರ್ಷ ರೋಮ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮ್ಮೇಳನದಲ್ಲೇ ವಾಲ್ಟರ್ ಬಾಡೆ ದೂರದ ಅಳತೆಯನ್ನು ತಿದ್ದಿ, ವಿಶ್ವದ ವಯಸ್ಸನ್ನು ಇಮ್ಮಡಿಗೊಳಿಸಿದರು. ಈಗಿನ ಲೆಕ್ಕ ಸುಮಾರು 1380 ಕೋಟಿ ವರ್ಷ.

ಆ ಸಮ್ಮೇಳನಕ್ಕೆ ಬಂದ ಖಗೋಳ ವಿಜ್ಞಾನಿಗಳನ್ನು ಉದ್ದೇಶಿಸಿ ಪೋಪ್ ಮತ್ತೆ ಮಾತನಾಡಿದರು. ಅಷ್ಟರಲ್ಲಿ ಲೆಮೆತ್ರ ರೋಮ್‌ಗೆ ಬಂದು, ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕ ಡೇನಿಯಲ್ ಓಕಾನೆಲ್ ಅವರೊಂದಿಗೆ ಸಮಾಲೋಚಿಸಿದ್ದರು. ಹೊಸ ಭಾಷಣದಲ್ಲಿ ಹಿಂದಿನ ವರ್ಷದ ಆ ಮಾತಿನ ಸುಳಿವಿರಲಿಲ್ಲ.

ಗೀಟಿನಡಿಯ ಅಕ್ಷರ

1960ರಲ್ಲಿ ಲೆಮೆತ್ರ ಅದೇ ಅಕಾಡೆಮಿಯ ಅಧ್ಯಕ್ಷರಾದರು. ಮಹಾಸ್ಫೋಟದಿಂದ ಉಳಿದ ಕಾವನ್ನು ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಆಂಟೆನಾದಲ್ಲಿ ಹಿಡಿದ ಸುದ್ದಿ ಅವರಿಗೆ ತಲುಪಿದ್ದು ಜೀವನದ ಕೊನೆಗಾಲದಲ್ಲಿ. 1966ರ ಜೂನ್ 20ರಂದು ತೀರಿಕೊಂಡರು. ಗ್ಯಾಲಕ್ಸಿಗಳು ದೂರ ಸರಿಯುವ ಬಗೆಯನ್ನು ಹೇಳುವ ಹಬಲ್ ನಿಯಮವನ್ನು ಹಬಲ್–ಲೆಮೆತ್ರ ನಿಯಮ ಎಂದು ಕರೆಯಬೇಕೆಂದು ಖಗೋಳ ಒಕ್ಕೂಟ ಮತ ಹಾಕಿದ್ದು 2018ರಲ್ಲಿ.

ಆ ಗೀಟನ್ನು ಅವರು ಲೋಕಕ್ಕೆ ಅಂಜಿ ಎಳೆದರೆನ್ನಲು ಬದುಕು ಪುರಾವೆ ಕೊಡುವುದಿಲ್ಲ. ಕೊನೆಯವರೆಗೂ ಅವರು ಪಾದ್ರಿಯಾಗಿಯೇ ಇದ್ದರು. ದೇವರು ಮರೆಯಲ್ಲಿರುವವನು ಎಂದು ನಂಬಿದವರು ಅವನನ್ನು ಭೌತವಿಜ್ಞಾನದ ಪತ್ರಿಕೆಗೆ ಕರೆತಂದು ನಿಲ್ಲಿಸುವುದಾದರೂ ಹೇಗೆ? ಆ ಪ್ಯಾರಾವನ್ನು ತೆಗೆದದ್ದೇ ಆ ಪ್ಯಾರಾದ ಮಾತನ್ನು ಪಾಲಿಸಿದಂತಾಯಿತು. ಗೀಟಿನಡಿಯ ಅಕ್ಷರಗಳನ್ನು ಇಂದಿಗೂ ಓದಬಹುದು.