ತಾಯಿ ಹೊರಡುವ ಹೊತ್ತಿಗೆ

ಬೆಳಗಿನ ಐದೂವರೆ. ಹಿರೇಹಡಗಲಿಯ ಊರಾಚೆಯ ಮಲ್ಲಿಗೆ ತೋಟದಲ್ಲಿ ಇನ್ನೂ ಮಬ್ಬುಗತ್ತಲು. ಏಳೆಂಟು ಹೆಂಗಸರು ಆಗಲೇ ಸಾಲು ಹಿಡಿದು ಬಾಗಿದ್ದಾರೆ. ಮೊಗ್ಗು ಒಂದೊಂದೇ ಉಡಿಗೆ ಬೀಳುತ್ತಿದೆ. ಬಿಸಿಲು ಏರಿದರೆ ಮೊಗ್ಗು ಬಿರಿಯುತ್ತದೆ, ಬಿರಿದರೆ ದರ ಬೀಳುತ್ತದೆ. ಅದಕ್ಕೇ ಹೂ ಬಿಡಿಸುವವರ ದಿನ ಕೋಳಿ ಕೂಗುವುದರೊಂದಿಗೆ ಶುರು. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಿಂದೆ ಇಲ್ಲಿಯ ಹೂವು ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಯ ವಿರೂಪಾಕ್ಷನಿಗೆ ಹೋಗುತ್ತಿತ್ತು, ತಾಲ್ಲೂಕು ಊರಿಗೆ ಹೂವಿನಹಡಗಲಿ ಅಂತ ಹೆಸರು ಬಂದದ್ದೇ ಹಾಗೆ ಎಂದು ಈ ಸೀಮೆಯ ಜನ ಹೇಳುತ್ತಾರೆ.

ನಾನು ನೋಡುತ್ತಿದ್ದದ್ದು ಬದುವಿನ ಮೇಲಿದ್ದ ಬೇವಿನ ಮರವನ್ನು. ಅದರ ಕೊಂಬೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿತ್ತು. ಒಳಗೆ ಹದಿನಾಲ್ಕು ತಿಂಗಳ ಕೂಸು ಮಲಗಿತ್ತು. ಎಂಟು ವರ್ಷದ ಅಕ್ಕ ಒಂದು ಕಾಲಿನಿಂದ ಜೋಳಿಗೆ ತೂಗುತ್ತ, ತಾನೂ ತೂಕಡಿಸುತ್ತ ಕೂತಿದ್ದಳು.

‘ಸಾಲಿಗೆ ಹೋಗಲ್ಲೇನವ್ವಾ?’ ಎಂದೆ.

‘ಹೋಗ್ತೀನ್ರಿ, ಅವ್ವ ಬಂದ್ ಮ್ಯಾಲ.’

ಅವ್ವ ಹೂವಿನ ಸಾಲು ಬಿಟ್ಟು ಬರುವುದು ಒಂಬತ್ತಕ್ಕೆ. ಮನೆಗೆ ಹೋಗಿ ಎರಡು ರೊಟ್ಟಿ ತಟ್ಟಿದರೆ ಹತ್ತು. ಆಮೇಲೆ ಇನ್ನೊಬ್ಬರ ಹೊಲದಲ್ಲಿ ಕಸ ತೆಗೆಯುವ ಕೆಲಸವಿದೆ. ಅಂಗನವಾಡಿ ಬಾಗಿಲು ತೆರೆಯುವ ಹೊತ್ತಿಗೆ ಈ ತಾಯಿಯ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ. ಬಾಗಿಲು ತೆರೆದರೂ ಹದಿನಾಲ್ಕು ತಿಂಗಳ ಕೂಸನ್ನು ದಿನವಿಡೀ ಇರಿಸಿಕೊಳ್ಳುವ ಏರ್ಪಾಟು ಅಲ್ಲಿಲ್ಲ. ಅಂಗನವಾಡಿಯಲ್ಲಿ ಕೂತು ಉಣ್ಣುವುದು ಮೂರು ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪುಷ್ಟಿಯ ಪುಡಿಯ ಪೊಟ್ಟಣ ಮನೆಗೆ ಹೋಗುತ್ತದೆ. ಅದನ್ನು ಕಲಸಿ, ಬೇಯಿಸಿ, ಆರಿಸಿ, ದಿನಕ್ಕೆ ಮೂರು ನಾಲ್ಕು ಸಲ ಉಣಿಸಬೇಕಾದ ಕೈ ಹೂವಿನ ಸಾಲಿನಲ್ಲಿರುತ್ತದೆ.

ಇವತ್ತು ಈ ಹೋಬಳಿಯಲ್ಲಿ ನಾನು ಸುತ್ತುವುದು ಈ ಒಂದು ಖಾಲಿ ಜಾಗದ ಸುತ್ತಲೇ: ತಾಯಿ ಹೊರಡುವ ಹೊತ್ತಿಗೂ ಸರ್ಕಾರದ ಬಾಗಿಲು ತೆರೆಯುವ ಹೊತ್ತಿಗೂ ನಡುವಿನ ಜಾಗ, ಕೂಸು ಹುಟ್ಟಿದ ದಿನಕ್ಕೂ ಅದಕ್ಕೆ ಮೂರು ತುಂಬುವ ದಿನಕ್ಕೂ ನಡುವಿನ ಜಾಗ.

ಊರೊಳಗೆ ಬಂದಾಗ ಬಿಸಿಲು ಕಲ್ಲೇಶ್ವರ ಗುಡಿಯ ಗೋಡೆಗೆ ತಾಗಿತ್ತು. 1057ರಲ್ಲಿ, ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ ಕಟ್ಟಿಸಿದ ಗುಡಿ. ಬಾಗಿಲುವಾಡದ ಕೆತ್ತನೆ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಇದಕ್ಕೂ ಹಳೆಯದೊಂದು ಸಂಗತಿ ಈ ಊರಿನ ಹೆಸರಿಗೆ ಅಂಟಿಕೊಂಡಿದೆ. ಪಲ್ಲವ ಅರಸ ಶಿವಸ್ಕಂದವರ್ಮ ಪ್ರಾಕೃತದಲ್ಲಿ ಬರೆಸಿದ ತಾಮ್ರಪಟಗಳು ದೊರೆತದ್ದು ಹಿರೇಹಡಗಲಿಯಲ್ಲಿ. ಸಾತಾಹನಿ ರಾಷ್ಟ್ರದ ಒಂದು ಹಳ್ಳಿಯ ತೋಟವನ್ನು ದಾನ ಕೊಟ್ಟು, ಆ ನೆಲದಲ್ಲಿ ರಾಜನ ಅಧಿಕಾರಿಗಳು ಏನೇನು ವಸೂಲು ಮಾಡಬಾರದು ಎಂದು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಹಾಲು, ಮೊಸರು, ಉಪ್ಪು, ಸಕ್ಕರೆ, ಹುಲ್ಲು, ಕಟ್ಟಿಗೆ, ತರಕಾರಿ, ಹೂವು. ಬಿಟ್ಟಿ ದುಡಿಮೆಯನ್ನೂ ಮಾಡಿಸಿಕೊಳ್ಳಬಾರದು. ಸಾವಿರದ ಆರುನೂರು ವರ್ಷಕ್ಕೂ ಹಳೆಯ ಆ ಪಟ್ಟಿಯಲ್ಲಿ ಹಾಲೂ ಹೂವೂ ಅಕ್ಕಪಕ್ಕ ಇರುವುದು ನನ್ನ ಮನಸ್ಸಿನಿಂದ ಹೋಗಲೊಲ್ಲದು. ಒಂದು ಊರಿನ ಹಾಲು ಯಾರ ಬಾಯಿಗೆ ಹೋಗಬೇಕು ಎಂಬುದು ಆಡಳಿತದ ಪ್ರಶ್ನೆ ಎಂದು ಆಗಲೇ ಗೊತ್ತಿತ್ತು.

ಹೋಬಳಿಯ ಒಂದು ಹಳ್ಳಿಯ ಅಂಗನವಾಡಿ. ಹತ್ತಕ್ಕೆ ಹೋದಾಗ ಸಹಾಯಕಿ ಹಾಲಿನ ಪುಡಿ ಕದಡುತ್ತಿದ್ದರು. 2013ರ ಆಗಸ್ಟ್ 1ರಿಂದ ನಡೆದು ಬಂದ ಕ್ಷೀರಭಾಗ್ಯದ ಹಾಲು. ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನ ಇಲ್ಲೇ ಬಿಸಿಯೂಟ ಬಡಿಸುವ ಮಾತೃಪೂರ್ಣ 2017ರ ಅಕ್ಟೋಬರ್ 2ರಿಂದ ರಾಜ್ಯವಿಡೀ ಇದೆ. ಊಟದ ಯೋಜನೆಯೇನೋ ಒಳ್ಳೆಯದು. ಆದರೆ ಹೊಲ ದೂರವಿದ್ದವಳು ಉಣ್ಣಲು ನಡೆದು ಬಂದು ಹೋದರೆ ಕೂಲಿ ಹೋಯಿತು. ‘ಡಬ್ಬಿಗೆ ಹಾಕಿ ಕೊಡ್ರಿ ಅಂತಾರ್ರಿ’ ಎಂದರು ಟೀಚರ್. ಇಲ್ಲೂ ಅದೇ ಹೊತ್ತಿನ ಮಾತು.

ಟೀಚರ್ ಒಂದು ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಎಡ ರಟ್ಟೆಗೆ ಬಣ್ಣದ ಪಟ್ಟಿ ಸುತ್ತಿದರು. ಹಸಿರು, ಹಳದಿ, ಕೆಂಪು. ಪಟ್ಟಿ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕೆಳಗೆ ಬಿಗಿದುಕೊಂಡರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ನನ್ನ ಹೆಬ್ಬೆರಳು ತೋರುಬೆರಳು ಸೇರಿಸಿದ ಬಳೆಯೊಳಗೆ ಸಲೀಸಾಗಿ ಕೂರುವ ರಟ್ಟೆ ಅದು. ಈ ಕೂಸಿನದು ಹಳದಿಯಲ್ಲಿ ನಿಂತಿತು. ಟೀಚರ್ ಉಸಿರು ಬಿಟ್ಟು ‘ಹೋದ ಸಲ ಕೆಂಪಿಗೆ ತಾಗಿತ್ರಿ’ ಎಂದರು.

ಆಮೇಲೆ ಬೆಳವಣಿಗೆಯ ಪಟ್ಟಿಯ ಪುಸ್ತಕ ತೆಗೆದರು. ತಿಂಗಳಿಗೊಂದು ಚುಕ್ಕೆ, ಚುಕ್ಕೆ ಸೇರಿಸಿದರೆ ಗೆರೆ. ಕೆಲವು ಮಕ್ಕಳ ಪುಟದಲ್ಲಿ ಗೆರೆ ಏರುತ್ತ ಏರುತ್ತ ಒಮ್ಮೆಲೇ ನಿಂತುಬಿಟ್ಟಿದೆ. ನಾಲ್ಕು ತಿಂಗಳು, ಐದು ತಿಂಗಳು ಏನೂ ಇಲ್ಲ. ಮತ್ತೆ ಶುರುವಾಗುವ ಚುಕ್ಕೆ ಮೊದಲಿಗಿಂತ ಕೆಳಗಿದೆ. ‘ಗುಳೆ ಹೋಗಿದ್ರು’ ಎಂದರು. ಮಳೆ ಕೈಕೊಟ್ಟ ವರ್ಷ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಕುಟುಂಬಗಳು ಮಂಡ್ಯದ ಕಬ್ಬಿಗೆ, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಎದೆಹಾಲಿನ ಕೂಸು ಜೊತೆಗೇ ಹೋಗುತ್ತದೆ. ಆ ಖಾಲಿ ಜಾಗ ಕಂಡಷ್ಟು ಸ್ಪಷ್ಟವಾಗಿ ನನಗೆ ಯಾವ ಅಂಕಿಅಂಶವೂ ಕಂಡಿಲ್ಲ. ಆದರೂ ಅಂಕಿ ಹೇಳಲೇಬೇಕು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಎತ್ತರ ಕುಗ್ಗುವುದು ಮುಖ್ಯವಾಗಿ ಮೊದಲ ಎರಡು ವರ್ಷಗಳಲ್ಲಿ, ಅಂದರೆ ಅಂಗನವಾಡಿಯ ಚಾಪೆಯ ಮೇಲೆ ಆ ಮಗು ಬಂದು ಕೂರುವ ಮುಂಚೆಯೇ.

ಒಬ್ಬ ಅಜ್ಜಿ ಎರಡೂವರೆ ವರ್ಷದ ಮೊಮ್ಮಗನನ್ನು ಕರೆತಂದಿದ್ದರು. ಟೀಚರ್ ಹುಡುಗನ ಬೆನ್ನ ಹಿಂದೆ ಹೋಗಿ ಸ್ಟೀಲ್ ತಟ್ಟೆಯ ಮೇಲೆ ಚಮಚ ಬಡಿದರು. ಉಳಿದ ಮಕ್ಕಳೆಲ್ಲ ತಿರುಗಿದರು. ಹುಡುಗ ಕೈಲಿದ್ದ ಆಟಿಕೆ ಲಾರಿಯ ಚಕ್ರ ತಿರುಗಿಸುತ್ತಲೇ ಇದ್ದ. ಮತ್ತೊಮ್ಮೆ ಬಡಿದರು. ಅವನು ತಿರುಗಲಿಲ್ಲ.

‘ಮಾತು ತಡಾ ಬರ್ತಾವು ಬಿಡವ್ವಾ, ಅವರಪ್ಪಂದೂ ಹಂಗ ಆಗಿತ್ತು’ ಎಂದರು ಅಜ್ಜಿ.

‘ಇಲ್ಲಬೇ ಯಮ್ಮಾ, ಡಾಕ್ಟರಿಗೆ ತೋರಿಸಬೇಕು. ಈ ವರ್ಷನ’ ಎಂದರು ಟೀಚರ್.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಹುಟ್ಟಿನಿಂದ ಬಂದ ಊನ, ಕೊರತೆ, ಕಾಯಿಲೆ, ಬೆಳವಣಿಗೆಯ ತಡ ಇವನ್ನು ಗುರುತಿಸಿ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ದೊಡ್ಡ ಜಾಗವೇ ನಮ್ಮ ರಾಜ್ಯದಲ್ಲಿದೆ. ಆದರೆ ಅಲ್ಲಿಗೆ ಹೋಗುವ ದಾರಿ ಶುರುವಾಗುವುದು ಈ ತಟ್ಟೆ ಚಮಚದಿಂದ. ಮಿದುಳು ಮಾತನ್ನು ಹಿಡಿದುಕೊಳ್ಳುವ ವಯಸ್ಸು ದಾಟಿದ ಮೇಲೆ ಕಿವಿಗೆ ಯಂತ್ರ ಕೂರಿಸಿದರೂ ದನಿ ಕೇಳಿಸಬಹುದು, ಮಾತು ಕೂಡುವುದು ಕಷ್ಟ. ಟೀಚರ್ ‘ಈ ವರ್ಷನ’ ಎಂದು ಒತ್ತಿ ಹೇಳಿದ್ದು ಅದಕ್ಕೆ. ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲವನ್ನೂ ಇದೇ ಹೆಣ್ಣುಮಗಳ ತಲೆಗೆ ಕಟ್ಟಿ, ಇಂಥ ತಪಾಸಣೆಗೆ ಅವಳಿಗೆ ಹೊತ್ತೇ ಉಳಿಸದಿದ್ದರೆ ಅದು ದೊಡ್ಡ ಅನ್ಯಾಯ. ಕೇಳಿಸದ ಆ ಹುಡುಗನಿಗೆ ಮಾಡುವ ಅನ್ಯಾಯ.

ಮಧ್ಯಾಹ್ನ ಇನ್ನೊಂದು ಹಳ್ಳಿಯ ‘ಕೂಸಿನ ಮನೆ’ಗೆ ಹೋದೆ. ಹೆಸರಿಟ್ಟವರಿಗೆ ಕೈ ಮುಗಿಯಬೇಕು. ‘ಶಿಶುಪಾಲನಾ ಕೇಂದ್ರ’ ಎಂದಿದ್ದರೆ ಯಾರ ನಾಲಿಗೆಗೂ ಹತ್ತುತ್ತಿರಲಿಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವ ಮಾತು ಬಂತು. ಉದ್ಯೋಗ ಖಾತರಿಯ (ನರೇಗಾ) ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲೆಂದು ಶುರುವಾದ ಮನೆ ಇದು. ಕೆಲಸದ ಜಾಗದಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಸಣ್ಣ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು ಎಂಬ ನಿಯಮ ಉದ್ಯೋಗ ಖಾತರಿ ಕಾಯ್ದೆಯಲ್ಲಿತ್ತು. ಬಹಳ ಕಡೆ ಅದು ಕಾಗದದಲ್ಲೇ ಉಳಿಯಿತು. ಆ ಆರೈಕೆಯನ್ನು ಮರದ ನೆರಳಿನಿಂದ ಎತ್ತಿ ಒಂದು ಸೂರಿನ ಕೆಳಗೆ ತಂದದ್ದು ಪಂಚಾಯಿತಿ.

ಒಂದೇ ಕೋಣೆ. ಗೋಡೆಗೆ ಆನೆ, ಅಂಬಾರಿ, ಅ ಆ ಇ ಈ. ಮೂಲೆಯಲ್ಲಿ ಸೊಳ್ಳೆಪರದೆ ಕಟ್ಟಿದ ಎರಡು ತೊಟ್ಟಿಲು. ನೆಲದ ಚಾಪೆಯ ಮೇಲೆ ಒಂಬತ್ತು ಮಕ್ಕಳು. ಆರೈಕೆಯ ಹೆಂಗಸು ಹೆಸರುಬೇಳೆ ಅನ್ನವನ್ನು ಬೆರಳಿನಿಂದ ನುಣ್ಣಗೆ ನುರಿದು ಒಂದು ಹನಿ ತುಪ್ಪ ಬಿಟ್ಟು ಉಣಿಸುತ್ತಿದ್ದರು. ಒಂದು ಕೂಸು ಬಾಯಿ ಬಿಗಿಹಿಡಿದು ತಲೆ ತಿರುವಿತು. ಅವರು ಅವಸರಪಡಲಿಲ್ಲ. ಕಿಟಕಿಯಾಚೆಯ ಕಾಗೆ ತೋರಿಸಿದರು, ‘ಕಾಕಾ ಬಂತು ನೋಡಲೇ ಬಂಗಾರ’ ಎಂದರು, ಕೂಸು ‘ಕಾ’ ಎನ್ನಲು ಬಾಯಿ ತೆರೆದಾಗ ತುತ್ತು ಒಳಗೆ ಹೋಯಿತು. ಹೊಟ್ಟೆಗೂ ಮಾತಿಗೂ ಒಂದೇ ತುತ್ತು. ಬಾಲ್ಯದ ಆರೈಕೆಯ ಬಗ್ಗೆ ಬರೆದ ವರದಿಗಳು ಹೇಳುವುದೂ ಇದನ್ನೇ.

ಒಂದು ಮಾತು ಮಾತ್ರ ನನಗೆ ಸರಿಬರಲಿಲ್ಲ. ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ ಇದ್ದುದರಿಂದ ಆರೈಕೆಯ ಹೆಂಗಸರು ಸರದಿಯ ಮೇಲೆ ಬದಲಾಗುವ ವ್ಯವಸ್ಥೆ ಮಾಡಿದರು. ಲೆಕ್ಕಕ್ಕೆ ಅದು ಸರಿ. ಒಂದು ವರ್ಷದ ಕೂಸಿಗೆ ಬೇಕಾದದ್ದು ಗುರುತಿನ ಮಡಿಲು, ಗುರುತಿನ ದನಿ. ಮೊದಲು ಅತ್ತು, ಆಮೇಲೆ ಒಗ್ಗಿಕೊಂಡು, ಕೊನೆಗೆ ನಕ್ಕ ಹೊತ್ತಿಗೆ ಆ ಅಮ್ಮ ಹೋಗಿ ಇನ್ನೊಬ್ಬಳು ಬಂದರೆ ಕೂಸು ಮತ್ತೆ ಮೊದಲಿನಿಂದ ಅಳಬೇಕು. ಒಂದು ಕೂಸಿನ ಮನೆಗೆ ಒಬ್ಬಿಬ್ಬರು ಕಾಯಂ ಹೆಂಗಸರು ಇರಲೇಬೇಕು. ಅವರಿಗೆ ಸರಿಯಾದ ಸಂಬಳ ಇರಬೇಕು.

ಮೂರರೊಳಗಿನ ಮಕ್ಕಳ ಮೇಲೆ ಹಾಕಿದ ದುಡ್ಡು ತಿರುಗಿ ಬರುತ್ತದೆಯೇ ಎಂದು ಕೇಳುವವರಿಗೆ ಗ್ವಾಟೆಮಾಲಾದ ನಾಲ್ಕು ಹಳ್ಳಿಗಳ ಕಥೆ ಹೇಳಬೇಕು. 1969ರಿಂದ 1977ರವರೆಗೆ ಎರಡು ಹಳ್ಳಿಗಳಲ್ಲಿ ಹಾಲಿನ ಪುಡಿ, ಸಕ್ಕರೆ, ಸಸ್ಯ ಪ್ರೊಟೀನು ಸೇರಿಸಿದ ‘ಅತೋಲೆ’ ಎಂಬ ಗಂಜಿ ಕೊಟ್ಟರು. ಇನ್ನೆರಡರಲ್ಲಿ ಪ್ರೊಟೀನು ಇಲ್ಲದ ಸಿಹಿ ಪಾನಕ. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಹೋಗಿ ನೋಡಿದ ಸಂಶೋಧಕರು 2008ರಲ್ಲಿ ಬರೆದರು: ಹುಟ್ಟಿದ ಮೊದಲ ಎರಡು ವರ್ಷ ಗಂಜಿ ಸಿಕ್ಕ ಗಂಡಸರ ತಾಸಿನ ಗಳಿಕೆ ಶೇ 46ರಷ್ಟು ಹೆಚ್ಚಿತ್ತು. ಮೂರು ದಾಟಿದ ಮೇಲೆ ಗಂಜಿ ಕುಡಿದವರಿಗೆ ಆ ಲಾಭ ಸಿಗಲಿಲ್ಲ. ಅದೇ ಗಂಜಿ, ಅದೇ ಹಳ್ಳಿ. ಹೊತ್ತು ಮಾತ್ರ ಮೀರಿತ್ತು.

ನಮ್ಮಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಆಗಿನಿಂದ ಅಂಗನವಾಡಿಯು ಕೇಂದ್ರ, ರಾಜ್ಯ ಸರ್ಕಾರಗಳ ಕೂಸಾಗಿಯೇ ಬೆಳೆದಿದೆ. ಪಂಚಾಯಿತಿಯ ಪಾಲು ಹೆಚ್ಚೆಂದರೆ ಕಟ್ಟಡ, ನಲ್ಲಿ, ಕಾಂಪೌಂಡು. ಆದರೆ ಯಾವ ಓಣಿಯ ಹೆಂಗಸರು ಹೂವಿಗೆ ಹೋಗುತ್ತಾರೆ, ಯಾರು ಗುಳೆ ಹೊರಟಿದ್ದಾರೆ, ಯಾರ ಮನೆಯಲ್ಲಿ ನೋಡಿಕೊಳ್ಳುವ ಮುದುಕಿ ಇಲ್ಲ ಎಂಬುದು ಬೆಂಗಳೂರಿಗೆ ತಿಳಿಯದು, ಜಿಲ್ಲಾ ಕೇಂದ್ರ ಹೊಸಪೇಟೆಗೂ ತಿಳಿಯದು. ಪಂಚಾಯಿತಿ ಕಟ್ಟೆಯ ಮೇಲೆ ಕೂತವರಿಗೆ ತಿಳಿದಿರುತ್ತದೆ.

ತಾಲ್ಲೂಕಿನ ಒಬ್ಬ ಪಂಚಾಯಿತಿ ಸದಸ್ಯರೊಡನೆ ಚಹಾ ಕುಡಿಯುತ್ತ ಇದನ್ನೇ ಕೇಳಿದೆ. ‘ಸಿಸಿ ರಸ್ತೆ ಮಾಡಿದ್ರ ನಾಕು ಮಂದಿಗೆ ಕಾಣ್ತೈತ್ರಿ. ಕೂಸಿನ ತೂಕ ಹೆಚ್ಚಾಗಿದ್ದು ಯಾರಿಗೆ ಕಾಣ್ತೈತಿ?’ ಎಂದರು. ಮನಸ್ಸು ಬಿಚ್ಚಿ ಹೇಳಿದ ಮಾತು. 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣವಾಗಿತ್ತು. ಉಳಿದ ಶೇ 40ನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ. ಆದರೆ ಪಂಚಾಯಿತಿಗೆ ತನ್ನದೇ ಮನೆ ಕಂದಾಯ, ನೀರಿನ ಕರ ಇದೆ. ಅದರಿಂದ ಒಬ್ಬ ಹೆಂಗಸಿಗೆ ಬೆಳಗಿನ ನಾಲ್ಕು ತಾಸಿನ ಸಂಬಳ ಕೊಡುವುದು ದೊಡ್ಡ ಹೊರೆಯೇನಲ್ಲ. ಗ್ರಾಮಸಭೆಯಲ್ಲಿ ಚರಂಡಿಗೆ ಕೈ ಎತ್ತುವವರು ನೂರು ಮಂದಿ. ಹೂವಿನ ಹೊತ್ತಿನ ಕೂಸಿಗೆ ಕೈ ಎತ್ತಬೇಕಾದವರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಗ್ರಾಮಸಭೆಗೂ ಮೊದಲು ಮಹಿಳಾ ಗ್ರಾಮಸಭೆಯನ್ನು ಸಂಜೆ, ಕೆಲಸ ಮುಗಿದ ಮೇಲೆ, ಓಣಿಯಲ್ಲೇ ಕೂರಿಸಿದರೆ ಬೇಡಿಕೆಯ ಪಟ್ಟಿಯೇ ಬದಲಾಗುತ್ತದೆ ಎಂದೆ. ಅವರು ಲೋಟ ಕೆಳಗಿಟ್ಟು ಒಂದು ಗಳಿಗೆ ಸುಮ್ಮನಿದ್ದು, ‘ಮಾಡಿ ನೋಡಬೌದ್ರಿ’ ಎಂದರು.

ನಾಲ್ಕೂವರೆಗೆ ಮತ್ತೆ ಕೂಸಿನ ಮನೆಯ ಬಳಿ ಬಂದೆ. ತಾಯಂದಿರು ಒಬ್ಬೊಬ್ಬರೇ ಬರುತ್ತಿದ್ದರು. ಹೊರಗೇ ನಿಂತು ಕೈಕಾಲು ತೊಳೆದು, ಸೆರಗಿನಲ್ಲಿ ಕೈ ಒರೆಸಿಕೊಂಡು ಕೂಸು ಎತ್ತಿಕೊಳ್ಳುತ್ತಿದ್ದರು. ಒಬ್ಬಾಕೆ ಹೋಗದೆ ಬಾಗಿಲಲ್ಲೇ ನಿಂತರು.

‘ಅಕ್ಕಾ, ನಾಳಿಂದ ಹೂವಿಗೆ ಹೊಂಟೀನಿ. ಐದಕ್ಕ ತಂದು ಬಿಡ್ಲಾ?’

ಆರೈಕೆಯ ಹೆಂಗಸು ಸೆರಗಿನ ತುದಿಗೆ ಕಟ್ಟಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡರು. ‘ಐದಕ್ಕ ತೆಗಿಯಾಕ ನನಗ ಹೇಳಿಲ್ಲಲ್ಲವಾ’ ಎಂದರು. ಕೂಸು ತಾಯಿಯ ಹೆಗಲ ಮೇಲಿಂದ ಅವರ ಕಡೆಗೇ ಕೈ ಚಾಚಿತ್ತು. ಅವರು ಆ ಕೈ ಹಿಡಿದುಕೊಂಡು, ‘ಪಂಚಾಯ್ತಿಗೆ ಹೋಗಿ ಕೇಳ್ತೀನಿ. ನೀನೂ ಬಾ’ ಎಂದರು.